ವೇಬ್ರಿಡ್ಜ್ ರೂಮಿನ ಎಫ್ ಡ್ರೈವ್

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ.
ಆಯುಧಪೂಜೆಯ ದಿನ ತೂಕದ ಕಲ್ಲಿಗೆ, ಸ್ಟೇಪ್ಲರಿಗೆ,
ತೇವ ಅಳೆಯುವ ಮೀಟರಿಗೆ ಗಂಧ ಹಚ್ಚುತ್ತಾ ಬಂದವನು
ಡ್ರಾಯರಿನಲ್ಲಿದ್ದ ಸೀಡಿಗೂ ಹಚ್ಚಿದೆ,
ಹೊಳೆಯುವ ಬದಿಗಲ್ಲ, ಹೆಸರಿರುವ ಬದಿಗೆ;
ಅಷ್ಟು ಬುದ್ಧಿ ಇತ್ತು.
ಮೇಲೊಂದು ಕುಂಕುಮ. ಒಂದು ಸೇವಂತಿಗೆ ಎಸಳು.

ಡಿಸೆಂಬರಿನ ಮೊದಲ ಲಾರಿ
ಮಲ್ಲಂದೂರಿನ ಕಡೆಯಿಂದ ಇಬ್ಬನಿ ಸಮೇತ ಬಂದು
ವೇಬ್ರಿಡ್ಜಿನ ಮೇಲೆ ನಿಂತಿತು.
ಕಂಪ್ಯೂಟರು ಎಂದಿನಂತೆ ಕೇಳಿತು: ಡಿಸ್ಕ್ ಹಾಕಿ.
ಇಪ್ಪತ್ತು ವರ್ಷದಿಂದ ಪ್ರತಿ ಬೆಳಗೂ ಅದೇ ಮಾತು.
ಈ ಸಾಫ್ಟ್‌ವೇರಿಗೆ ನಮ್ಮ ಮೇಲೆ ನಂಬಿಕೆ ಇಲ್ಲ,
ಮೂಲ ಸೀಡಿ ಬಾಯಿಗಿಟ್ಟರೇ ಕಣ್ಣು ತೆರೆಯುವುದು.
ಅದನ್ನು ಬರೆದುಕೊಟ್ಟ ಕೊಯಮತ್ತೂರಿನ ಕಂಪನಿ
ಬಾಗಿಲು ಹಾಕಿ ಎಷ್ಟು ಮಳೆಗಾಲ ಆಯಿತೋ,
ಆ ನಂಬರಿಗೆ ಹಚ್ಚಿದರೆ ಈಗ ಯಾರೋ
ಮೊಟ್ಟೆ ಅಂಗಡಿಯವರು ಎತ್ತುತ್ತಾರೆ.

ಒಣಗಿದ ಗಂಧವನ್ನು ಉಗುರಲ್ಲಿ ಕೆರೆದೆ.
ಗಂಧದ ಜೊತೆ ಬೆಳ್ಳಿಯೂ ಎದ್ದು ಬಂತು.
ಬೆಳಕಿಗೆ ಹಿಡಿದೆ: ಹೆಬ್ಬೆರಳಗಲದ ಕಿಟಕಿ,
ಕಿಟಕಿಯಾಚೆ ಟ್ಯೂಬ್‌ಲೈಟು, ಹಲ್ಲಿ.

ಹೊರಗೆ ಒಂದು ಹಾರನ್. ಆಮೇಲೆ ಮೂರು.
ಗೇಟಿನಿಂದ ಕಡೂರು ರಸ್ತೆಯವರೆಗೆ ಸಾಲು.
ಡ್ರೈವರ್ ಬಾಷಾ ಕಿಟಕಿಗೆ ಮುಖ ತಂದು,
"ಸಾರ್, ಕಾಫಿ ಚೀಲ ತೂಗೋಕೆ ಹಾಡಿನ ಪ್ಲೇಟು ಯಾಕೆ ಬೇಕು?" ಅಂದ.
ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಜೆಸಿಂತಾ ಮೇಡಂ ನೆನಪಾದದ್ದು ಮರಿದೇವನಿಗೆ.
ರಿಟೈರಾಗಿ ಆರು ವರ್ಷ. ಫೋನಿನಲ್ಲಿ ಕುಕ್ಕರ್ ಕೂಗುತ್ತಿತ್ತು.
"ಡಿ ಡ್ರೈವ್ ತೆಗೀರಿ. ಹಳೇ ಬಿಲ್ ಅಂತ ಇದೆ.
ಅದರೊಳಗೆ, ಅಳಿಸಿದರೆ ಜೋಕೆ."
ಇತ್ತು. ಒಂದೇ ಒಂದು ಫೈಲು,
ಆರುನೂರ ಹನ್ನೆರಡು ಎಂಬಿ,
ಅವರ ಕೊನೆಯ ವರ್ಷದ ಯಾವುದೋ ಶನಿವಾರದ ತಾರೀಖು.

"ಒಳಗಿರೋದನ್ನ ಮಾತ್ರ ನಕಲು ಮಾಡಿದ್ರೆ ಅದು ಒಪ್ತಿರಲಿಲ್ಲ ಕಣ್ರೀ.
ಅದಕ್ಕೇ ಇಡೀ ಪ್ಲೇಟನ್ನೇ ಅಚ್ಚು ತೆಗೆದಿಟ್ಟೆ,
ಖಾಲಿ ಜಾಗ ಕೂಡ ಬಿಡದೆ."

ಖಾಲಿ ಜಾಗ ಕೂಡ!
ಲಾರಿಯ ತೂಕ, ಗೋಣಿಯ ತೂಕ, ತೇವದ್ದಿಷ್ಟು, ಕಸದ್ದಿಷ್ಟು ಎಂದು
ಜೀವಮಾನವಿಡೀ ಕಳೆಯುತ್ತಲೇ ಬಂದವನು ನಾನು.
ಏನನ್ನೂ ಕಳೆಯದ ಲೆಕ್ಕ
ಅಂದೇ ಮೊದಲು ಕೇಳಿದ್ದು.

ಎರಡು ಸಲ ಒತ್ತಿ ಅಂದರು. ಒತ್ತಿದೆ.
ಪರದೆಯಲ್ಲಿ ಎಫ್ ಎಂಬ ಡ್ರೈವ್ ಹುಟ್ಟಿತು.
ಡಬ್ಬಿಯ ಬಾಗಿಲು ತೆರೆಯಲಿಲ್ಲ, ತಟ್ಟೆ ಹೊರಬರಲಿಲ್ಲ,
ಗುರ್ ಎನ್ನಲಿಲ್ಲ.
ಇಲ್ಲದ ಬಾಯಿಗೆ ಇಲ್ಲದ ತುತ್ತು.
ಸಾಫ್ಟ್‌ವೇರು ಒಂದು ಗಳಿಗೆ ಯೋಚಿಸಿ
ಒಪ್ಪಿಕೊಂಡಿತು.
ಒಂಬತ್ತು ಸಾವಿರದ ಆರುನೂರ ನಲವತ್ತು ಕೇಜಿ, ಲಾರಿ ಸೇರಿ.

ಸಂಜೆ ಎರಡು ಪೆನ್‌ಡ್ರೈವ್ ತಂದೆ.
ಎರಡನ್ನೂ ಕ್ಯಾಶ್‌ಬಾಕ್ಸಿಗೆ ಹಾಕಿ ಬೀಗ ಜಡಿದೆ ಎಂದಾಗ
ಮೇಡಂ ಬೈದರು:
"ಒಂದೇ ಡಬ್ಬಿಯಲ್ಲಿ ಎರಡಿದ್ರೆ ಅದು ಒಂದೇ ರೀ."
ಈಗ ಒಂದು ತರೀಕೆರೆಯಲ್ಲಿ, ಷಡ್ಡಕನ ಬೀರುವಿನಲ್ಲಿ,
ಅವನ ಮಗುವಿನ ಬೆಳ್ಳಿ ಉಡಿದಾರದ ಪಕ್ಕ.
ತೆರೆದು ನೋಡದ ನಕಲು ಬರೀ ಸಮಾಧಾನ ಎಂದಿದ್ದಾರೆ ಮೇಡಂ,
ಹಾಗಾಗಿ ತಿಂಗಳಿಗೊಮ್ಮೆ ಫೋನು ಮಾಡುತ್ತೇನೆ,
ಚೆನ್ನಾಗಿದೆಯಾ? ಎಂದು.
ಷಡ್ಡಕ ತನ್ನನ್ನೇ ಕೇಳಿದ್ದೆಂದು ತಿಳಿದು
ಮಂಡಿನೋವಿನಿಂದ ಶುರುಮಾಡುತ್ತಾನೆ.

ಈ ಸಲದ ಆಯುಧಪೂಜೆಗೆ
ತಟ್ಟೆ ಹಿಡಿದು ಮರಿದೇವ ಬಂದ.
ತೂಕದ ಕಲ್ಲಾಯಿತು, ಸ್ಟೇಪ್ಲರಾಯಿತು, ಮೀಟರಾಯಿತು.
"ಸಾರ್, ಎಫ್‌ಗೆ ಎಲ್ಲಿ ಇಡಲಿ?"
ಕುಂಕುಮ ಅದ್ದಿದ ಅವನ ಬೆರಳು
ಪರದೆಯ ಮುಂದೆ ಗಾಳಿಯಲ್ಲಿ ಹುಡುಕುತ್ತಿತ್ತು.
ನಾನು ಎರಡೂ ಕೈಯಲ್ಲಿ ಕೀಬೋರ್ಡ್ ಮುಚ್ಚಿಕೊಂಡು
ನನ್ನ ಹಣೆ ಮುಂದೆ ಮಾಡಿದೆ.